ಗೆರೆ ಮೇಡಂ ಬಿಟ್ಟ ಜಾಗ

ಅಳತೆ ಪ್ರಯೋಗಾಲಯದ ಹಾಜರಿ ಪುಸ್ತಕದಲ್ಲಿ ಅವರಿಗೂ ಒಂದು ಹೆಸರಿತ್ತು. ಅದನ್ನು ಓದುತ್ತಿದ್ದವರು ಹಾಜರಿ ಗುಮಾಸ್ತರೊಬ್ಬರೇ. ಗೇಟಿನ ಕಾವಲುಗಾರರಿಂದ ಮುಖ್ಯಸ್ಥರವರೆಗೆ ಉಳಿದ ಎಲ್ಲರಿಗೂ ಅವರು ಗೆರೆ ಮೇಡಂ. ಹನ್ನೊಂದು ವರ್ಷಗಳಿಂದ ತಾತ್ಕಾಲಿಕ ಹುದ್ದೆಯಲ್ಲಿದ್ದರು. ಬಿಡುವಿಲ್ಲದೆ ದುಡಿದವರು ಮುಂದೊಂದು ದಿನ ಕಾಯಂ ಮಾಡಿ ಎಂದು ಹಕ್ಕಿನಿಂದ ಕೇಳಬಹುದೆಂಬ ಹೆದರಿಕೆಗೆ, ಆಡಳಿತ ವಿಭಾಗ ಅವರನ್ನು ವರ್ಷಕ್ಕೊಂದು ದಿನ ಕೆಲಸದಿಂದ ತೆಗೆದು ಮರುದಿನ ಮತ್ತೆ ಸೇರಿಸಿಕೊಳ್ಳುತ್ತಿತ್ತು. ಆ ದಿನವೂ ಅವರು ಬಂದು ಕೆಲಸ ಮಾಡುತ್ತಿದ್ದರು. ಸಹಿ ಮಾತ್ರ ಹಾಕುತ್ತಿರಲಿಲ್ಲ. ಹೀಗೆ ಹಾಜರಿ ಪುಸ್ತಕಗಳಲ್ಲಿ ಹತ್ತು ಖಾಲಿ ಚೌಕಗಳು ಉಳಿದಿದ್ದವು. ಖಾಲಿ ಜಾಗ ತುಂಬುವುದರಲ್ಲೇ ಹೆಸರಾದವರ ಸ್ವಂತ ಸೇವೆಯಲ್ಲಿ ಹತ್ತು ತೂತುಗಳಿರುವುದು ಯಾರಿಗೂ ತಮಾಷೆಯಾಗಿ ಕಂಡಿರಲಿಲ್ಲ, ಅವರ ಅತ್ತೆಯೊಬ್ಬರನ್ನು ಬಿಟ್ಟು.

ಮೇಡಂ ಗಾರೆ ಮೇಸ್ತ್ರಿಯೊಬ್ಬರ ಮಗಳು. ಗೋಡೆಯ ಕೆಲಸ ಮುಗಿದ ಮೇಲೆ ಅಪ್ಪ ಅದನ್ನು ಎದುರಿನಿಂದ ನೋಡುತ್ತಿರಲಿಲ್ಲ. ಉರಿಯುವ ಬಲ್ಬನ್ನು ಗೋಡೆಗೆ ಒರಗಿಸಿದಂತೆ ಹಿಡಿದು, ಕೆನ್ನೆಯನ್ನು ಗೋಡೆಗೆ ತಾಗಿಸಿ, ಉದ್ದಕ್ಕೂ ಕಣ್ಣು ಹಾಯಿಸುತ್ತಿದ್ದರು. ಎದುರಿನಿಂದ ಕೆನೆಯಂತೆ ಕಾಣುತ್ತಿದ್ದ ಗೋಡೆ ಆ ಓರೆ ಬೆಳಕಿಗೆ ಗುಡ್ಡ ಕಣಿವೆಗಳ ನಾಡಾಗಿಬಿಡುತ್ತಿತ್ತು. ಆಗ ಅಪ್ಪ ಕರಣೆ ಎತ್ತಿಕೊಂಡು ತಗ್ಗುಗಳನ್ನು ತುಂಬುತ್ತಿದ್ದರು. ಮಗಳು ಅದರಿಂದ ಎರಡು ಸಂಗತಿ ಕಲಿತಳು. ಲೋಕದಲ್ಲಿ ನುಣುಪಾದ ಮೈ ಎಂಬುದಿಲ್ಲ. ಒಳ್ಳೆಯ ಕೆಲಸಗಾರರು ಅದು ಕಾಣದಂತೆ ನೋಡಿಕೊಳ್ಳುತ್ತಾರೆ. ಮೊದಲನೆಯದನ್ನು ಮುಂದೆ ಕಾಲೇಜಿನಲ್ಲಿ ಭೌತಶಾಸ್ತ್ರವೆಂದು ಮತ್ತೊಮ್ಮೆ ಕಲಿಸಿದರು. ಎರಡನೆಯದನ್ನು ಯಾರೂ ಮತ್ತೆ ಕಲಿಸಬೇಕಾಗಿರಲಿಲ್ಲ.

ಪ್ರಯೋಗಾಲಯದಲ್ಲಿ ಅವರ ಕೋಣೆಗೆ ಕಿಟಕಿಯಿರಲಿಲ್ಲ. ಬಾಗಿಲಿನ ಮೇಲೊಂದು ಕೆಂಪು ದೀಪ, ಒಳಗೆ ಕಪ್ಪು ಪರದೆ, ಪರದೆಯಾಚೆ ಕಲ್ಲಿನ ಮೇಜು. ಮೇಜಿನ ಕಾಲುಗಳ ಕೆಳಗೆ ರಬ್ಬರಿನ ದಿಂಡು, ಹೊರಗೆ ಲಾರಿ ಹೋದರೂ ಒಳಗಿನ ಬೆಳಕು ಅಲ್ಲಾಡಬಾರದೆಂದು. ಎದುರಿಗೆ ಅಲುಗಿಸುವ ಯಂತ್ರ. ಕಾರ್ಖಾನೆಯವರು ತಂದ ಸಾಮಾನನ್ನು ಅದಕ್ಕೆ ಬಿಗಿದು ನಡುಗಿಸುತ್ತಾರೆ. ಅದು ಎಷ್ಟು ನಡುಗಿತು, ಹೇಗೆ ನಡುಗಿತು ಎಂದು ಲೇಸರ್ ಬೆಳಕು ಮುಟ್ಟದೆಯೇ ನೋಡಿ ಹೇಳಬೇಕು.

ಹೇಳುವ ರೀತಿ ಹೀಗೆ. ಒಂದೇ ಕಿರಣವನ್ನು ಎರಡು ಪಾಲು ಮಾಡುತ್ತಾರೆ. ಒಂದು ಪಾಲು ಅಳೆಯುವ ಯಂತ್ರದ ಪೆಟ್ಟಿಗೆಯೊಳಗೇ ಸುತ್ತಿ ಬರುತ್ತದೆ. ಇನ್ನೊಂದು ಹೊರಗೆ ಹೋಗಿ, ನಡುಗುವ ಸಾಮಾನಿಗೆ ಬಡಿದು ಹಿಂದಿರುಗುತ್ತದೆ. ಎರಡೂ ಮತ್ತೆ ಕೂಡಿದಾಗ, ಸಾಮಾನು ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ಸರಿದಿದ್ದರೂ ಬೆಳಕು ಏರಿಳಿದು ಅದನ್ನು ಬಯಲು ಮಾಡುತ್ತದೆ. ಸಾಮಾನು ಕನ್ನಡಿಯಂತಿದ್ದರೆ ಯಾವ ತಕರಾರೂ ಇಲ್ಲ. ಆದರೆ ಅಳೆದುಕೊಡಿ ಎಂದು ಯಾರೂ ಕನ್ನಡಿ ತರುವುದಿಲ್ಲ. ಎರಕದ ಕಬ್ಬಿಣ ತರುತ್ತಾರೆ, ಮರಳಚ್ಚಿನ ಗುರುತು ಮೈತುಂಬ ಹೊತ್ತಿರುವಂಥದ್ದು. ಅಂಥ ಒರಟು ಮೈಗೆ ಬಡಿದ ಬೆಳಕು ಕಾಳುಕಾಳಾಗಿ ಚೆದುರುತ್ತದೆ: ಒಂದು ಕಾಳು ಹೊಳೆದರೆ ಪಕ್ಕದ್ದು ಕಪ್ಪು. ಯಂತ್ರದ ಕಣ್ಣಿಗೆ ಕಪ್ಪು ಕಾಳು ಅಡ್ಡ ಬಂದ ಕ್ಷಣ ಅದಕ್ಕೆ ಏನೂ ಕಾಣುವುದಿಲ್ಲ. ಏನೂ ಕಾಣದಿದ್ದಾಗ ಸುಮ್ಮನಿರುವ ಗುಣ ಮನುಷ್ಯರಂತೆ ಯಂತ್ರಕ್ಕೂ ಇಲ್ಲ. ಬಾಯಿಗೆ ಬಂದದ್ದನ್ನು ಹೇಳುತ್ತದೆ. ಪರದೆಯ ಮೇಲೆ ನಯವಾಗಿ ಹರಿಯಬೇಕಾದ ಗೆರೆಯಲ್ಲಿ ಮುಳ್ಳುಗಳೇಳುತ್ತವೆ.

ಮೇಡಂ ಬರುವ ಮೊದಲು ಪ್ರಯೋಗಾಲಯದ ವರದಿಗಳು ಮುಳ್ಳುಬೇಲಿಯಂತಿರುತ್ತಿದ್ದವು. ಗ್ರಾಹಕರು ಅದನ್ನು ನೋಡಿ ತಮ್ಮ ಸಾಮಾನಿಗೆ ಏನಾಗಿದೆಯೋ ಎಂದು ಗಾಬರಿಯಾಗುತ್ತಿದ್ದರು. ಮೇಡಂ ಸೇರಿದ ಮೂರನೆಯ ವರ್ಷ ಒಂದು ಪ್ರೋಗ್ರಾಂ ಬರೆದರು. ಹಿಂದಿರುಗಿದ ಬೆಳಕು ಎಲ್ಲೆಲ್ಲಿ ತೀರಾ ಕಡಿಮೆಯಾಗಿದೆಯೋ ಅಲ್ಲಿನ ಅಳತೆಯನ್ನು ಅದು ಕಿತ್ತು ಬಿಸಾಡುತ್ತಿತ್ತು. ಆಮೇಲೆ ಅದರ ಹಿಂದಿನದನ್ನೂ ಮುಂದಿನದನ್ನೂ ನೋಡಿ, ನಡುವೆ ಹೀಗಿದ್ದಿರಬೇಕು ಎಂದು ತಾನೇ ಎಳೆದು ಸೇರಿಸುತ್ತಿತ್ತು. ಬೆಸುಗೆ ಎಲ್ಲಿ ಬಿದ್ದಿದೆಯೆಂದು ಬರೆದವರಿಗೂ ಗೊತ್ತಾಗದಷ್ಟು ನಯ. ಗ್ರಾಹಕರ ಮುಖ ಅರಳಿತು. ಮುಖ್ಯಸ್ಥರು ಅದಕ್ಕೆ ಗೆರೆ ವಿಧಾನ ಎಂದು ಹೆಸರಿಟ್ಟು, ಚೌಕಟ್ಟು ಹಾಕಿಸಿ ವರಾಂಡದಲ್ಲಿ ತೂಗುಹಾಕಿದರು. ಎಡಗಡೆ ಮುಳ್ಳಿನ ಗೆರೆ, ಬಲಗಡೆ ನಯವಾದ ಗೆರೆ. ಬಂದವರೆಲ್ಲ ಬಲಗಡೆಯದನ್ನೇ ನೋಡುತ್ತಿದ್ದರು. ಬೇರೆ ಊರುಗಳ ಪ್ರಯೋಗಾಲಯಗಳೂ ಆ ಪ್ರೋಗ್ರಾಂ ತರಿಸಿಕೊಂಡವು. ಬರೆದವರು ಮಾತ್ರ ವರ್ಷಕ್ಕೊಂದು ದಿನ ಕೆಲಸ ಕಳೆದುಕೊಳ್ಳುತ್ತಲೇ ಇದ್ದರು.

ಮನೆಯಲ್ಲಿ ಮೂವರು. ಗಂಡನದು ಹಲ್ಲಿನ ಸೆಟ್ ಮಾಡುವ ಕೆಲಸ. ದಂತವೈದ್ಯರು ಕಳಿಸಿದ ಅಚ್ಚು ನೋಡಿ, ಬಾಯಿಯ ಖಾಲಿ ಜಾಗಕ್ಕೆ ಹೊಂದುವ ಹಲ್ಲನ್ನು ಪಕ್ಕದ ಹಲ್ಲುಗಳ ಬಣ್ಣಕ್ಕೇ ತಂದು ಕೂರಿಸುತ್ತಿದ್ದರು. ಮಿತಭಾಷಿ. ಗಂಡ ಹೆಂಡತಿ ಇಬ್ಬರದೂ ಒಂದೇ ಕಸುಬೆಂದು ಅತ್ತೆ ನೆಂಟರ ಮುಂದೆ ಹೇಳುತ್ತಿದ್ದದ್ದುಂಟು.

ಅತ್ತೆ ಮೂವತ್ತೆರಡು ವರ್ಷ ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿಯಾಗಿದ್ದವರು. ಸಾಕ್ಷಿ ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಳ್ಳುವುದು ಅವರ ಕೆಲಸ. ಕೇಳಿಸದಿದ್ದಾಗ ಅವರು ಊಹಿಸುತ್ತಿರಲಿಲ್ಲ. ಜಾಗ ಬಿಟ್ಟು, ಅದರಲ್ಲಿ ‘ಕೇಳಿಸಲಿಲ್ಲ’ ಎಂದು ಬರೆಯುತ್ತಿದ್ದರು. ಈ ಚಾಳಿಗಾಗಿ ಅವರಿಗೆ ಬಡ್ತಿ ಎರಡು ಸಲ ತಪ್ಪಿತ್ತಂತೆ. ಈಗ ಎಡಗಿವಿ ಮಂದವಾಗಿತ್ತು, ಚಾಳಿ ಮಾತ್ರ ಹಾಗೇ ಇತ್ತು. ಮನೆಯಲ್ಲಿ ಯಾರಾದರೂ ಮಾತಾಡಿದರೆ, ನಾಳೆ ಅಂದೆ, ಬರ್ತಾರೆ ಅಂದೆ, ನಡುವೆ ಏನೋ ಇತ್ತು ಅದು ಕೇಳಿಸಲಿಲ್ಲ ಎಂದು ತಡೆದು ನಿಲ್ಲಿಸುತ್ತಿದ್ದರು. ಎಲ್ಲರ ಅತ್ತೆಯರೂ ಕೇಳಿಸದ್ದಕ್ಕೆ ತಲೆಯಾಡಿಸಿ ಸುಮ್ಮನಾಗುವಾಗ ತನ್ನ ಪಾಲಿಗೆ ಇಂಥವರು ಬಂದರಲ್ಲ ಎಂದು ಸೊಸೆಗೆ ಎಷ್ಟೋ ಸಲ ಅನಿಸಿದ್ದುಂಟು. ಅತ್ತೆಯ ಮೇಲ್ದವಡೆಯಲ್ಲಿ ಎದುರಿಗೇ ಒಂದು ಹಲ್ಲು ಹೋಗಿತ್ತು. ಮಗ ಅದಕ್ಕೆ ತನ್ನ ಕೈಯಾರೆ ಒಂದು ಹಲ್ಲು ಮಾಡಿಕೊಟ್ಟಿದ್ದರು, ಆ ವರ್ಷ ಅವರು ಮಾಡಿದ ಹಲ್ಲುಗಳಲ್ಲೆಲ್ಲ ಅತಿ ಚೆಂದದ್ದು. ಅತ್ತೆ ಅದನ್ನು ಗುಂಡಿ, ಸೂಜಿಗಳ ಡಬ್ಬಿಯಲ್ಲಿ ಇಟ್ಟಿದ್ದರು.

“ಅಲ್ಲಿ ಹಲ್ಲಿಲ್ಲ ಅನ್ನೋದು ನನಗೂ ಗೊತ್ತು, ನೋಡೋರಿಗೂ ಗೊತ್ತು” ಎನ್ನುತ್ತಿದ್ದರು. “ಇನ್ನು ಯಾರನ್ನ ನಂಬಿಸ್ಬೇಕು?”

ಗೆರೆ ಮೇಡಂಗೆ ನಲವತ್ತೈದು ತುಂಬಲು ಎರಡು ತಿಂಗಳಿದ್ದಾಗ ಆಡಳಿತ ವಿಭಾಗದಿಂದ ಒಂದು ಸುತ್ತೋಲೆ ಬಂತು. ಒಂದು ಹುದ್ದೆಯನ್ನು ಕಾಯಂ ಮಾಡುತ್ತಾರೆ, ನಲವತ್ತೈದು ದಾಟಿದವರು ಅರ್ಜಿ ಹಾಕುವಂತಿಲ್ಲ. ಮೇಡಂಗೆ ಇದೇ ಮೊದಲ ಅವಕಾಶ, ಇದೇ ಕೊನೆಯದು. ತಪ್ಪಿದರೆ ಮುಂದಿನ ವರ್ಷದ ಆ ಒಂದು ದಿನದ ಮರುದಿನ ಯಾರಾದರೂ ಅವರನ್ನು ಮತ್ತೆ ಸೇರಿಸಿಕೊಳ್ಳಲು ಮರೆತರೆ ಕೇಳುವ ಹಾಗಿರಲಿಲ್ಲ. ಮುಖ್ಯಸ್ಥರು ಅವರ ಪರವಾಗಿಯೇ ಇದ್ದರು. ಅರ್ಜಿಯನ್ನು ತಾವೇ ಕೂತು ಟೈಪು ಮಾಡಿಸಿದರು. ಸಾಧನೆ ಎಂಬಲ್ಲಿ ಗೆರೆ ವಿಧಾನದ ಬಗ್ಗೆ ಒಂದೂವರೆ ಪುಟ. ಅದರ ಕೆಳಗೆ ಒಂದು ಚಿಕ್ಕ ಸಾಲು: ಬಳಕೆಯಲ್ಲಿ ವಿಧಾನದ ವೈಫಲ್ಯಗಳು. ಅದರ ಎದುರಿಗೆ ‘ಇಲ್ಲ’ ಎಂದಿತ್ತು. ಸಹಿ ಹಾಕುವುದೊಂದು ಬಾಕಿ.

ಅದೇ ವಾರ ದೊಡ್ಡ ಫ್ಯಾನು ತಯಾರಿಸುವ ಕಾರ್ಖಾನೆಯೊಂದರಿಂದ ಹನ್ನೆರಡು ಬ್ರಾಕೆಟ್ಟುಗಳು ಬಂದಿದ್ದವು. ಸಭಾಂಗಣಗಳ ಮಾಡಿನಿಂದ ಆಳೆತ್ತರದ ಫ್ಯಾನುಗಳನ್ನು ಹೊತ್ತು ನಿಲ್ಲುವ ಎರಕದ ತುಂಡುಗಳು. ಕೆಳಗೆ ಜನ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಹನ್ನೆರಡನ್ನೂ ನಡುಗಿಸಿ ಅಳೆದಾಯಿತು. ಹನ್ನೆರಡಕ್ಕೂ ನಯವಾದ ಗೆರೆ ಬಂತು. ವರದಿ ಬೈಂಡಿಂಗಿಗೆ ಹೋಗಬೇಕಿತ್ತು.

ಆ ಸಂಜೆ ಅತ್ತೆ ಕಾಫಿ ಲೋಟ ಹಿಡಿದು ಸೊಸೆಯ ಅರ್ಜಿಯನ್ನು ಓದುತ್ತ ಕೂತಿದ್ದರು. ಓದುವುದೆಂದರೆ ಅವರು ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದುವವರು. ಒಂದೂವರೆ ಪುಟ ಮುಗಿದ ಮೇಲೆ ಕನ್ನಡಕ ತೆಗೆದರು.

“ನಿನ್ನ ಮೆಷಿನ್‌ಗೆ ಒಂದು ಸಲ ಅಳೆಯೋದ್ರೊಳಗೆ ಎಷ್ಟು ಸಾರಿ ಕಣ್ಣು ಕತ್ತಲೆ ಬರುತ್ತೆ?”

“ಗೊತ್ತಿಲ್ಲ ಅತ್ತೆ. ಒರಟಾಗಿದ್ರೆ ಜಾಸ್ತಿ ಬರುತ್ತೆ.”

“ತುಂಬೋಕೆ ಬರುತ್ತೆ, ಎಣಿಸೋಕೆ ಬರಲ್ವಾ?”

ಎಣಿಸಿ ಏನು ಮಾಡಬೇಕು ಎಂದು ಸೊಸೆ ನಕ್ಕರು. ಅತ್ತೆ ನಗಲಿಲ್ಲ. ಹಳೆಯದೊಂದು ಮೊಕದ್ದಮೆ ನೆನಪು ಮಾಡಿಕೊಂಡರು. ಸಾಕ್ಷಿಯೊಬ್ಬನದು ಮೊದಲೇ ಸಣ್ಣ ದನಿ. ಅವನ ಹೇಳಿಕೆಯಲ್ಲಿ ಅವರು ಒಂಬತ್ತು ಕಡೆ ‘ಕೇಳಿಸಲಿಲ್ಲ’ ಎಂದು ಬರೆದಿದ್ದರು. ವಕೀಲರು ಶೀಘ್ರಲಿಪಿಗಾರ್ತಿಯ ಕಿವಿ ಪರೀಕ್ಷೆ ಮಾಡಿಸಬೇಕೆಂದು ಹಾಸ್ಯ ಮಾಡಿದರು. ನ್ಯಾಯಾಧೀಶರು ಮಾತ್ರ ಆ ಒಂಬತ್ತನ್ನೂ ಎದುರಿಗಿಟ್ಟುಕೊಂಡು ನೋಡಿದರು. ಒಂಬತ್ತರಲ್ಲಿ ಏಳು, ಅಂಗಡಿಯ ಬೀಗದ ಕೈ ಯಾರ ಹತ್ತಿರವಿತ್ತು ಎಂಬ ಪ್ರಶ್ನೆಯ ಹಿಂದೆಯೇ ಬಂದಿದ್ದವು.

“ಅಲ್ಲೊಂದು ಇಲ್ಲೊಂದು ದನಿ ಇಳಿದ್ರೆ ಅದು ಗಂಟಲು” ಎಂದರು ಅತ್ತೆ. “ಅದೇ ಪ್ರಶ್ನೆಗೆ ಮತ್ತೆ ಮತ್ತೆ ಇಳಿದ್ರೆ ಅದು ಗಂಟಲಲ್ಲ ಕಣೇ.”

ಮರುದಿನ ಬೆಳಿಗ್ಗೆ ಮೇಡಂ ಕಪ್ಪು ಪರದೆ ಎಳೆದುಕೊಂಡು, ತಾವು ಬರೆದ ಪ್ರೋಗ್ರಾಮಿನ ಒಂದು ಸಾಲನ್ನು ತೆಗೆದುಹಾಕಿದರು. ಕಾಣದ ಜಾಗವನ್ನು ತುಂಬುವ ಸಾಲು ಅದು. ಹನ್ನೆರಡೂ ಬ್ರಾಕೆಟ್ಟುಗಳ ಅಳತೆಯನ್ನು ಮೊದಲಿನಿಂದ ಓಡಿಸಿದರು. ಗೆರೆ ಈಗ ನಡುನಡುವೆ ಕಡಿದುಹೋಗಿ ಕಂಡಿತು. ಹನ್ನೊಂದರಲ್ಲಿ ಖಾಲಿ ಜಾಗಗಳು ಅಕ್ಕಿ ಚೆಲ್ಲಿದ ಹಾಗೆ ಎಲ್ಲೆಂದರಲ್ಲಿ ಬಿದ್ದಿದ್ದವು. ಏಳನೆಯದರಲ್ಲಿ ಹಾಗಿರಲಿಲ್ಲ. ಬ್ರಾಕೆಟ್ಟು ಎಡಕ್ಕೆ ತೂಗಿ ಕೊನೆ ಮುಟ್ಟುವ ಹೊತ್ತಿಗೆ, ಪ್ರತಿ ಸಲವೂ, ಅಲ್ಲೇ, ಬೆಳಕು ಹೋಗುತ್ತಿತ್ತು.

ಅದೇಕೆಂದು ತಿಳಿಯುವ ಉಪಾಯ ಸುಲಭವಿತ್ತು. ಎಂಟು ವರ್ಷಗಳಲ್ಲಿ ಅದರ ಅಗತ್ಯ ಬಿದ್ದಿರಲಿಲ್ಲ, ಅಷ್ಟೆ. ಕಿರಣವನ್ನು ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದರೆ ಅದು ಬೇರೆಯೇ ಗುಡ್ಡ ಕಣಿವೆಗಳ ಮೇಲೆ ಬೀಳುತ್ತದೆ, ಕಪ್ಪು ಕಾಳುಗಳ ಜಾಗವೆಲ್ಲ ಬದಲಾಗುತ್ತದೆ. ಖಾಲಿ ಜಾಗವೂ ಬದಲಾದರೆ ತಪ್ಪು ಒರಟು ಮೈಯದು. ಬದಲಾಗದಿದ್ದರೆ ತಪ್ಪು ಮೈಯದಲ್ಲ. ಮೇಡಂ ಸರಿಸಿದರು. ಮತ್ತೊಮ್ಮೆ ಸರಿಸಿದರು. ಊಟದ ಹೊತ್ತಿನೊಳಗೆ ಹದಿನಾರು ಸಲ ಸರಿಸಿದರು. ಹದಿನಾರು ಸಲವೂ ಏಳನೆಯ ಬ್ರಾಕೆಟ್ಟು ಎಡಗೊನೆ ಮುಟ್ಟಿದಾಗಲೇ ಕಣ್ಣು ಮುಚ್ಚಿತು. ಆ ಕ್ಷಣದಲ್ಲಿ ಕಬ್ಬಿಣ ಎಲ್ಲೋ ಬಾಯಿ ತೆರೆಯುತ್ತಿತ್ತು. ಬಾಯಿ ತೆರೆದಾಗ ಮೈ ಓರೆಯಾಗುತ್ತಿತ್ತು, ಓರೆಯಾದಾಗ ಬೆಳಕು ಬೇರೆ ದಿಕ್ಕಿಗೆ ಚೆದುರಿ ಯಂತ್ರಕ್ಕೆ ಕತ್ತಲೆ ಕವಿಯುತ್ತಿತ್ತು. ಮುಖ್ಯವಾದದ್ದೇನೋ ನಡೆಯುವ ಕ್ಷಣಕ್ಕೇ ಯಂತ್ರ ಕುರುಡಾಗುತ್ತಿತ್ತು, ಆ ಕ್ಷಣವನ್ನೇ ಪ್ರೋಗ್ರಾಂ ನಯವಾಗಿ ತುಂಬುತ್ತಿತ್ತು. ಅಪ್ಪನ ಕರಣೆ ಇಷ್ಟು ಚೆನ್ನಾಗಿ ಎಂದೂ ಕೆಲಸ ಮಾಡಿರಲಿಲ್ಲ.

ಮುಖ್ಯಸ್ಥರು ಕಡಿದ ಗೆರೆಯನ್ನು ಬಹಳ ಹೊತ್ತು ನೋಡಿದರು. ಅವರು ಕೆಟ್ಟವರಲ್ಲ. ನಿವೃತ್ತಿಗೆ ಎರಡು ವರ್ಷ ಉಳಿದ, ಯಾರಿಗೂ ಕೆಟ್ಟದ್ದು ಬಯಸದ, ಅದಕ್ಕಾಗಿಯೇ ಯಾವುದನ್ನೂ ಪೂರ್ತಿ ಹೇಳದ ಮನುಷ್ಯ. ಒರಟು ಮೈ ಅಂದ ಮೇಲೆ ಇಂಥದ್ದೆಲ್ಲ ಇದ್ದದ್ದೇ ಎಂದರು. ಆ ಜಾಗಕ್ಕೆ ಒಂದು ಹೊಳೆಯುವ ಸ್ಟಿಕ್ಕರ್ ಅಂಟಿಸಿ ಅಳೆದರೆ ಬೆಳಕು ಚೆನ್ನಾಗಿ ಬರುತ್ತದಲ್ಲ ಎಂದು ಸಲಹೆ ಕೊಟ್ಟರು.

“ಸ್ಟಿಕ್ಕರ್ ಹೇಗೆ ಅಲುಗುತ್ತೆ ಅಂತ ಗೊತ್ತಾಗುತ್ತೆ ಸರ್” ಎಂದರು ಮೇಡಂ.

ಮುಖ್ಯಸ್ಥರು ಮೇಜಿನ ಮೇಲಿದ್ದ ಅರ್ಜಿಯ ಪ್ರತಿಯನ್ನು ಒಮ್ಮೆ ನೋಡಿ, ಮೇಡಂ ಅವರನ್ನು ನೋಡಿ, ಕೊನೆಗೆ ತಲೆಯ ಮೇಲಿನ ಫ್ಯಾನಿನ ಕಡೆ ನೋಡಿದರು. “ಒಂಬತ್ತು ದಿನ ಇದೆಯಮ್ಮ ಆಯ್ಕೆ ಸಮಿತಿ ಕೂರೋಕೆ. ಒಂಬತ್ತೇ ದಿನ. ಆಮೇಲೆ ನೀನು ಏನು ಬೇಕಾದ್ರೂ ಕಂಡುಹಿಡಿ.”

ಮೇಡಂ ಅಂದೇ ಮಧ್ಯಾಹ್ನ ಫ್ಯಾನು ಕಾರ್ಖಾನೆಗೆ ಫೋನು ಮಾಡಿದರು. ಅಲ್ಲಿನ ತಪಾಸಣೆಯವರು ಮರುದಿನವೇ ಬಂದರು. ಸೀಮೆಎಣ್ಣೆಯ ಸೀಸೆ, ಬಟ್ಟೆ ತುಂಡು, ಒಂದು ಪೊಟ್ಟಣ ಸೀಮೆಸುಣ್ಣದ ಪುಡಿಯನ್ನು ಚೀಲದಲ್ಲಿ ತಂದಿದ್ದರು. ಲೇಸರನ್ನು ಅವರು ನಂಬುತ್ತಿದ್ದರು, ಆದರೆ ಜೊತೆಗೆ ಬೇರೆ ಏನಾದರೂ ಇರಲಿ ಎನ್ನುವ ಜಾತಿ. ಏಳನೆಯ ಬ್ರಾಕೆಟ್ಟಿಗೆ ಸೀಮೆಎಣ್ಣೆ ಬಳಿದು, ಹೊತ್ತು ಬಿಟ್ಟು ಒರೆಸಿ, ಪುಡಿ ಉದುರಿಸಿ ಇಬ್ಬರೂ ಕಾದು ಕೂತರು. ಸಂದಿನೊಳಗೆ ಎಣ್ಣೆ ಇಳಿದಿದ್ದರೆ ಅದು ಮೇಲೇರಿ ಪುಡಿಯನ್ನು ನೆನೆಸಬೇಕು. ಸ್ವಲ್ಪ ಹೊತ್ತಿಗೆ ಬಿಳಿಯ ಮೇಲೆ ರೆಪ್ಪೆಗೂದಲಿನಷ್ಟು ಉದ್ದದ ಕಪ್ಪು ಎಳೆಯೊಂದು ಮೂಡಿತು.

ತಪಾಸಣೆಯವರು ಬಟ್ಟೆಗೆ ಕೈ ಒರೆಸಿಕೊಂಡರು. ಈ ಅಚ್ಚಿನಲ್ಲಿ ಎರೆದದ್ದೆಲ್ಲವನ್ನೂ, ಆಗಲೇ ಮಾಡಿಗೆ ಏರಿಸಿದ್ದನ್ನೂ ಇಳಿಸಿ ವಾಪಸು ತರಿಸುವುದಾಗಿ ಹೇಳಿದರು. ಹೇಳಿದಂತೆ ಆ ವಾರದಲ್ಲೇ ತರಿಸಿದರು ಕೂಡ. ಆದರೆ ಹೊರಡುವಾಗ ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿದರು.

“ಎಲ್ಲ ಇಳಿಸ್ತೀವಿ ಮೇಡಂ, ಒಂದೂ ಬಿಡಲ್ಲ. ಕಾರಣ ಮಾತ್ರ ಬಣ್ಣ ಸರಿ ಬಂದಿಲ್ಲ ಅಂತ ಇರ್ಲಿ. ನೀವೂ ಏನೂ ಬರೀಬೇಡಿ, ನಾವೂ ಬರೆಯಲ್ಲ.”

ಹೀಗೆ ಬಿರುಕಿನ ಬ್ರಾಕೆಟ್ಟುಗಳು ಬಣ್ಣದ ದೋಷದಿಂದ ಹಿಂದಿರುಗಿದವು. ಯಾರ ತಲೆಯ ಮೇಲೂ ಏನೂ ಬೀಳಲಿಲ್ಲ. ಕಾಗದದ ಮೇಲೆ ಗೆರೆ ವಿಧಾನ ಒಮ್ಮೆಯೂ ಸೋತಿರಲಿಲ್ಲ. ಅರ್ಜಿಯಲ್ಲಿದ್ದ ‘ಇಲ್ಲ’ ಎಂಬ ಪದ ಇದ್ದಲ್ಲೇ ಇದ್ದರೂ ಯಾರಿಗೂ ಯಾವ ಕೇಡೂ ಇರಲಿಲ್ಲ. ಮುಖ್ಯಸ್ಥರು ಸಮಾಧಾನದ ಉಸಿರು ಬಿಟ್ಟು, ಇನ್ನಾದರೂ ಸಹಿ ಹಾಕಮ್ಮ ಎಂದರು.

ಅರ್ಜಿ ಎರಡು ದಿನ ಊಟದ ಮೇಜಿನ ಮೇಲೆ ಉಪ್ಪಿನ ಬಟ್ಟಲಿನ ಕೆಳಗಿತ್ತು. ಗಂಡ ಅದರ ಸುತ್ತ ತಟ್ಟೆ ಇಡುತ್ತಿದ್ದರು. ಕೊನೆಗೊಮ್ಮೆ, ಸಹಿ ಹಾಕಿದರೂ ಸರಿ, ಹಾಕದಿದ್ದರೂ ಸರಿ, ಮೇಜು ಬೇಕು ಎಂದರು. ಅವರ ಮಟ್ಟಿಗೆ ಅದು ದೀರ್ಘ ಭಾಷಣ. ಮೇಡಂ ಅತ್ತೆಯ ಬಲಗಡೆ ಹೋಗಿ ಕೂತರು, ಕೇಳುವ ಕಿವಿಯ ಕಡೆ.

“ಏನು ಮಾಡ್ಲಿ ಅತ್ತೆ?”

“ಇದು ಚೆನ್ನಾಗಿ ಕೇಳಿಸ್ತು” ಎಂದರು ಅತ್ತೆ. “ಆದ್ರೆ ನಾನು ಬೇರೆಯವರು ಹೇಳಿದ್ದನ್ನ ಬರ್ಕೊಂಡವಳು. ಏನು ಹೇಳ್ಬೇಕು ಅಂತ ಯಾರಿಗೂ ಹೇಳಿಕೊಟ್ಟವಳಲ್ಲ.”

ಎರಡು ಸಲ ಬಡ್ತಿ ತಪ್ಪಿದಾಗಲೂ ತನಗೆ ಅಳು ಬಂದಿತ್ತು ಎಂದೂ ಹೇಳಿದರು. ಅದನ್ನು ಅವರು ಮೊದಲು ಯಾರಿಗೂ ಹೇಳಿರಲಿಲ್ಲ.

ಮೇಡಂ ಅರ್ಜಿಗೆ ಸಹಿ ಹಾಕಿದರು. ಅದಕ್ಕೆ ಮೊದಲು ‘ಇಲ್ಲ’ ಎಂಬುದನ್ನು ಹೊಡೆದುಹಾಕಿದರು. ಅದರ ಜಾಗದಲ್ಲಿ ಏನು ಬರೆಯಬೇಕೆಂದು ಹೊಳೆಯಲಿಲ್ಲ. ಕಾರ್ಖಾನೆಯವರಿಗೆ ಮಾತು ಕೊಡದಿದ್ದರೂ ಅವರ ಹೆಸರನ್ನು ಬೀದಿಗೆಳೆಯುವ ಮನಸ್ಸಿರಲಿಲ್ಲ. ಖಾಲಿ ಬಿಟ್ಟರು. ಕೇಳಿದರೆ ಹೇಳುವುದು ಎಂದು ತೀರ್ಮಾನಿಸಿದರು. ಕೇಳುವುದಿಲ್ಲವೆಂಬ ಸಣ್ಣ ಆಸೆ ಒಳಗೆಲ್ಲೋ ಇದ್ದಿರಬೇಕು. ಆ ರಾತ್ರಿ ಅವರು ಚೆನ್ನಾಗಿಯೇ ನಿದ್ದೆ ಮಾಡಿದರೆಂದು ಅತ್ತೆ ಹೇಳುತ್ತಾರೆ.

ಆಯ್ಕೆ ಸಮಿತಿಯಲ್ಲಿ ಐದು ಜನ. ಉದ್ದನೆಯ ಮೇಜು, ಐದು ನೀರಿನ ಲೋಟ, ನಡುವೆ ಒಂದು ತಟ್ಟೆ ಬಿಸ್ಕತ್ತು. ಮುಖ್ಯಸ್ಥರು ತುದಿಯ ಕುರ್ಚಿಯಲ್ಲಿ, ಬರೆದುಕೊಳ್ಳುವ ಕಾರ್ಯದರ್ಶಿಯ ಪಕ್ಕದಲ್ಲಿದ್ದರು. ಅಧ್ಯಕ್ಷರು ವರಾಂಡದ ಚೌಕಟ್ಟನ್ನು ಬರುವಾಗಲೇ ನೋಡಿದ್ದರು. ಬಲಗಡೆಯ ಗೆರೆ ಬಹಳ ಚೆಂದ ಎಂದರು. ಆಮೇಲೆ ಪುಟ ತಿರುಗಿಸಿ, ಇಲ್ಲೇನೋ ಹೊಡೆದುಹಾಕಿದ್ದೀರಲ್ಲ, ಇದರ ಎದುರಿಗೆ ಏನೂ ಇಲ್ಲವಲ್ಲ ಎಂದು ಕೇಳಿದರು.

ಮೇಡಂ ಹೇಳಿದರು. ಕಾರ್ಖಾನೆಯ ಹೆಸರು ಬಿಟ್ಟು ಉಳಿದುದನ್ನೆಲ್ಲ ಹೇಳಿದರು. ಒರಟು ಮೈ, ಕಪ್ಪು ಕಾಳು, ಎಡಗೊನೆ, ಹದಿನಾರು ಸಲ. ಎಂಟು ವರ್ಷ ತಾವು ತುಂಬಿದ ಜಾಗಗಳಲ್ಲಿ ಇನ್ನೆಷ್ಟು ಹೀಗಿದ್ದವೋ ತಮಗೆ ಗೊತ್ತಿಲ್ಲ, ಯಾಕೆಂದರೆ ಎಣಿಸಿರಲಿಲ್ಲ ಎಂದರು. ಹಳೆಯ ಅಳತೆಗಳನ್ನೆಲ್ಲ ಮತ್ತೆ ತೆಗೆದು ನೋಡಬೇಕು, ಪ್ರೋಗ್ರಾಂ ತರಿಸಿಕೊಂಡ ಬೇರೆಯವರಿಗೂ ತಿಳಿಸಬೇಕು ಎಂದರು. ಹೇಳಿ ಮುಗಿಸಲು ನಾಲ್ಕು ನಿಮಿಷ ಹಿಡಿಯಿತು. ಅಷ್ಟರಲ್ಲಿ ಬಿಸ್ಕತ್ತು ಅರ್ಧವಾಯಿತು.

“ಅಂದ್ರೆ ಮುಂದಿನ ಆವೃತ್ತಿಯಲ್ಲಿ ಇದನ್ನ ಸರಿಪಡಿಸ್ತೀರಿ” ಎಂದರು ಸದಸ್ಯರೊಬ್ಬರು, ಸಹಾಯ ಮಾಡುವ ದನಿಯಲ್ಲಿ.

“ಇಲ್ಲ ಸರ್. ಕಾಣಿಸದೇ ಇದ್ದದ್ದು ಯಾವ ಆವೃತ್ತಿಯಲ್ಲೂ ಕಾಣಿಸಲ್ಲ. ಕಾಣಿಸಲಿಲ್ಲ ಅಂತ ಬರೀಬೇಕು, ಅಷ್ಟೇ.”

ಅಧ್ಯಕ್ಷರು ತಲೆದೂಗಿದರು. ಎಲ್ಲರೂ ತಲೆದೂಗಿದರು. ಮುಖ್ಯಸ್ಥರು ಕಣ್ಣು ಮುಚ್ಚಿಕೊಂಡಿದ್ದರು. ಮೇಡಂ ಹೊರಗೆ ಬಂದು, ಕೋಣೆಯಲ್ಲಿದ್ದ ತಮ್ಮ ಚಪ್ಪಲಿ, ಸ್ಟೀಲಿನ ಲೋಟ, ಹೆಗಲಿಗೆ ಹೊದೆಯುವ ಶಾಲು ಇವನ್ನು ಚೀಲಕ್ಕೆ ಹಾಕಿಕೊಂಡರು. ಹನ್ನೊಂದು ವರ್ಷಕ್ಕೆ ಅಷ್ಟೇ ಸಾಮಾನು.

ಮೂರು ವಾರಗಳ ಬಳಿಕ ಆದೇಶ ಬಂತು. ಅವರನ್ನು ಕಾಯಂ ಮಾಡಲಾಗಿತ್ತು. ಜೊತೆಗೆ ಸಭೆಯ ನಡಾವಳಿಯ ಒಂದು ಪ್ರತಿ. ಅದರಲ್ಲಿ ಅವರ ನಾಲ್ಕು ನಿಮಿಷಕ್ಕೆ ಎರಡು ಸಾಲು ಸಿಕ್ಕಿತ್ತು. ‘ವಿಧಾನದ ಮಿತಿಗಳ ಬಗ್ಗೆ ಪ್ರಶ್ನಿಸಲಾಯಿತು, ಉತ್ತರ ಸಮಾಧಾನಕರವಾಗಿತ್ತು. ವೈಫಲ್ಯಗಳು: ಇಲ್ಲ.’ ಆದೇಶದ ಕೊನೆಯಲ್ಲಿ ಆಡಳಿತ ವಿಭಾಗದ ಟಿಪ್ಪಣಿಯೂ ಇತ್ತು. ಅಭ್ಯರ್ಥಿಯ ಸೇವೆಯಲ್ಲಿನ ಹತ್ತು ಒಂದು ದಿನದ ವಿರಾಮಗಳನ್ನು ಮನ್ನಿಸಲಾಗಿದೆ, ಅವುಗಳ ಹಿಂದಿನ ಮುಂದಿನ ಅವಧಿಗಳನ್ನು ಗಮನಿಸಿ ಸೇವೆಯನ್ನು ಅಖಂಡವೆಂದು ಪರಿಗಣಿಸಲಾಗಿದೆ.

ಮೇಡಂ ಅದನ್ನು ಎರಡು ಸಲ ಓದಿದರು. ಆ ಪ್ರೋಗ್ರಾಂ ಬರೆದವರಿಗೆ ಅದು ಎಲ್ಲೆಲ್ಲಿಗೆ ತಲುಪಿದೆಯೆಂಬುದು ಆಗ ಗೊತ್ತಾಯಿತು.

ಮನೆಯಲ್ಲಿ ಅತ್ತೆ ನಡಾವಳಿಯ ಮೇಲೆ ಬೆರಳಿಟ್ಟು ಓದಿದರು. ನ್ಯಾಯಾಲಯದ ಕಾಲದ ಕೆಂಪು ಪೆನ್ಸಿಲು ಇನ್ನೂ ಅವರ ಹತ್ತಿರ ಇತ್ತು, ಗುಂಡಿ ಸೂಜಿಗಳ ಡಬ್ಬಿಯಲ್ಲಿ, ಹಲ್ಲಿನ ಪಕ್ಕ. ಅದನ್ನು ತೆಗೆದು, ‘ಉತ್ತರ ಸಮಾಧಾನಕರವಾಗಿತ್ತು’ ಎಂಬುದರ ಸುತ್ತ ಗೀಚಿ, ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ ‘ಕೇಳಿಸಲಿಲ್ಲ’ ಎಂದು ಬರೆದರು. ಬರೆದು ನೋಡಿ, ತಲೆಯಾಡಿಸಿ, ತಾವೇ ಅದನ್ನು ಹೊಡೆದರು.

“ಇದನ್ನ ಬರೆದವರಿಗೆ ಕಿವಿ ಚೆನ್ನಾಗಿದೆ” ಎಂದರು. “ಕೇಳಿಸದೇ ಇದ್ದಿದ್ರೆ ಜಾಗ ಬಿಟ್ಟಿರ್ತಿದ್ರು.”

ಕಾಯಂ ಆದವರನ್ನು ವರ್ಷಕ್ಕೊಂದು ದಿನವೂ ತೆಗೆಯುವಂತಿಲ್ಲ. ಇದರ ಪೂರ್ತಿ ಅರ್ಥ ಮೇಡಂಗೆ ಒಂದು ವಾರ ತಡವಾಗಿ ಹೊಳೆಯಿತು. ಹೊಳೆದ ದಿನ ಅವರು ಪ್ರೋಗ್ರಾಮಿನಿಂದ ಆ ತುಂಬುವ ಸಾಲನ್ನು ಶಾಶ್ವತವಾಗಿ ತೆಗೆದುಹಾಕಿದರು. ಈಗ ವರದಿಗಳಲ್ಲಿ ಕಾಣದ ಜಾಗಕ್ಕೆ ಒಂದು ಬೂದು ಪಟ್ಟಿ ಬರುತ್ತದೆ. ಕೆಳಗೆ ಪಟ್ಟಿಗಳ ಸಂಖ್ಯೆ, ಯಾವ ಪಟ್ಟಿ ಕಿರಣ ಸರಿಸಿದರೂ ಸರಿಯಲಿಲ್ಲ ಎಂಬ ವಿವರ. ಗ್ರಾಹಕರು ಕೋಪಿಸಿಕೊಂಡು ಮುಖ್ಯಸ್ಥರ ಬಳಿ ಹೋದರು. ನಯವಾದ ಗೆರೆ ಬರುತ್ತಿದ್ದ ಕಡೆ ಇದೇನು ತೇಪೆ ಹಾಕಿದ ಸೀರೆಯ ಹಾಗೆ ಎಂದರು. ಕೆಲವರು ಬೇರೆ ಊರಿನ ಪ್ರಯೋಗಾಲಯಗಳಿಗೆ ಹೋದರು, ಅಲ್ಲಿ ಈಗಲೂ ಹಳೆಯ ಗೆರೆ ವಿಧಾನವೇ ನಡೆಯುತ್ತಿದೆ. ಮೇಡಂ ಅಲ್ಲಿಗೆಲ್ಲ ಬರೆದ ಎಚ್ಚರಿಕೆಯ ಪತ್ರಗಳಿಗೆ, ನಿಮ್ಮ ವಿಧಾನದಿಂದ ನಮಗೆ ಬಹಳ ಉಪಕಾರವಾಗಿದೆ ಎಂಬ ಉತ್ತರಗಳು ಬಂದಿವೆ. ಫ್ಯಾನಿನ ತಪಾಸಣೆಯವರು ಮಾತ್ರ ಬೂದು ಪಟ್ಟಿಯ ವರದಿಯನ್ನೇ ಕೇಳಿ ಒಯ್ಯುತ್ತಾರೆ, ಬೇರೆಯವರಿಗೆ ಹೇಳುವುದಿಲ್ಲ. ಪ್ರಯೋಗಾಲಯದಲ್ಲಿ ಅವರನ್ನು ಈಗ ಕೆಲವರು ತೂತು ಮೇಡಂ ಎನ್ನುವುದುಂಟು. ಅತ್ತೆಗೆ ಆ ಹೆಸರು ಹಿಡಿಸಿದೆ.

ಈ ವರ್ಷ ಆ ಒಂದು ದಿನ ಬಂತು, ಹತ್ತು ವರ್ಷ ಅವರು ಸಹಿ ಹಾಕದೆ ದುಡಿದ ದಿನ. ಎಂದಿನಂತೆ ಬಂದು, ಕೆಂಪು ದೀಪ ಹೊತ್ತಿಸಿ, ಸಂಜೆಯವರೆಗೆ ಎರಕದ ಪಂಪೊಂದನ್ನು ಅಳೆದರು. ಹಾಜರಿ ಪುಸ್ತಕದ ಮುಂದೆ ನಿಂತಾಗ ಕೈ ಅಭ್ಯಾಸ ಬಲದಿಂದ ಹಿಂದೆ ಸರಿಯಿತೋ, ಬೇಕೆಂದೇ ಸರಿಸಿದರೋ, ಅವರೂ ಹೇಳಲಾರರು. ಅಂತೂ ಆ ಚೌಕವನ್ನು ಖಾಲಿ ಬಿಟ್ಟು ಮನೆಗೆ ಹೋದರು.

ಮರುದಿನ ಬೆಳಿಗ್ಗೆ ನೋಡಿದರೆ ಅದು ತುಂಬಿತ್ತು. ಮರೆತಿರಬೇಕೆಂದು ಹಾಜರಿ ಗುಮಾಸ್ತರು ಹಿಂದಿನ ದಿನದ ಸಹಿ, ಅದರ ಹಿಂದಿನ ದಿನದ ಸಹಿ ನೋಡಿಕೊಂಡು ತಾವೇ ಹಾಕಿದ್ದರು. ಅವರೇ ಹೇಳದಿದ್ದರೆ ಅದು ತಮ್ಮ ಕೈಯ ಸಹಿಯಲ್ಲವೆಂದು ಮೇಡಂಗೂ ಗೊತ್ತಾಗುತ್ತಿರಲಿಲ್ಲ.